ಗೋಡೆಗೆ ಅಂಟಿಸಿದ ಗಾಜು

ಫೆಬ್ರವರಿ 9, ಭಾನುವಾರ

ನಾನು ತಾಯಿಯಾಗುತ್ತಿದ್ದೇನೆ, ನಾನು, ಹಾವೇರಿಯ ಸುಶ್ಮಿತಾ, ಮದುವೆಯಾಗಿ ಎಪ್ಪತ್ತೇಳನೆಯ ದಿನಕ್ಕೆ. ಕಾನ್ವೆಂಟಿನ ಚಟಕ್ಕೆ ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ಶಾಲೆಯ ಪ್ರಬಂಧದಂತೆ ಕಂಡಿತು, ಹೊಡೆದುಹಾಕಿದೆ. ಇಷ್ಟೊಂದು ಖುಷಿಯನ್ನು ಆ ಭಾಷೆಯಲ್ಲಿ ನಾನು ಯಾರಿಗೂ ಹೇಳಿ ಗೊತ್ತಿಲ್ಲ.

ಬೆಳಗ್ಗೆ ಪಟ್ಟಿಯ ಮೇಲೆ ಎರಡು ಗೀಟು ಮೂಡಿದವು. ನನ್ನ ಗಂಡ ಕೊಟ್ರೇಶನಿಗೆ, ನನ್ನ ಕೊಟ್ರುಗೆ, ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಎರಡು ಗೀಟು ಅಂದ್ರ ಅವಳಿ ಏನು?" ಎಂದ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು. ಆಮೇಲೆ ಅವನ ಕಣ್ಣಲ್ಲೂ ನೀರು. ಮೆಣಸಿನಕಾಯಿ ಘಾಟು ಅಂದ. ಬ್ಯಾಡಗಿಯಲ್ಲಿ ಇದೊಂದು ಅನುಕೂಲ, ಯಾರು ಅತ್ತರೂ ಕಾಯಿಯ ಮೇಲೆ ಹಾಕಬಹುದು.

ಅತ್ತೆ ನನ್ನ ತಲೆಗೆ ದೃಷ್ಟಿ ನಿವಾಳಿಸಿ, ಮಾಡಬಾರದ್ದರ ಪಟ್ಟಿ ಹೇಳಿದರು. ಪಪ್ಪಾಯಿ ತಿನ್ನಬಾರದು. ಹೊಸ್ತಿಲ ಮೇಲೆ ಕೂರಬಾರದು. ಎಲ್ಲಕ್ಕಿಂತ ದೊಡ್ಡದು, ಮಗು ಹುಟ್ಟುವ ತನಕ ಈ ಮನೆಯ ಯಾವ ಗೋಡೆಗೂ ಹಾರೆ ತಾಗಿಸುವಂತಿಲ್ಲ, ಹೊಸದು ಕಟ್ಟುವಂತೆಯೂ ಇಲ್ಲ. ಮಹಡಿಯ ಮೇಲೆ ನಮಗಾಗಿ ಕಟ್ಟಬೇಕಿದ್ದ ಕೋಣೆ, ಅದರ ಬಾತ್‌ರೂಮು, ನಾನು ಫೋನಿನಲ್ಲಿ ಆರಿಸಿಟ್ಟಿದ್ದ ನೀಲಿ ಟೈಲ್ಸು ಎಲ್ಲ ಮುಂದಿನ ವರ್ಷಕ್ಕೆ ಹೋದವು. ಹೋಗಲಿ. ನನ್ನ ಕಡಲೆಕಾಳೇ, ನಿನಗಾಗಿ ನೀಲಿ ಟೈಲ್ಸು ಬಿಟ್ಟೆ, ನೆನಪಿಟ್ಟುಕೋ.

ಫೆಬ್ರವರಿ 12, ಬುಧವಾರ

ಇವತ್ತು ಪಕ್ಕದ ಮನೆಯ ದುರಗವ್ವ ಬಂದಿದ್ದಳು. ಐವತ್ತರ ಆಚೀಚೆ ವಯಸ್ಸು, ಗಂಡನಿಲ್ಲ. ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಬೆರಳ ತುದಿ ಸದಾ ಕೆಂಪು. ಬಾಗಿಲಲ್ಲೇ ನಿಂತಳು, ಅತ್ತೆ ಒಳಗೆ ಬಾ ಎನ್ನಲಿಲ್ಲ.

ವಿಷಯ ಮನೆಗೇ ಹೊಂದಿಕೊಂಡ ನಮ್ಮ ಮೆಣಸಿನಕಾಯಿ ಗೋದಾಮಿನ ಹಿಂದಿನ ಗೋಡೆ. ಹದಿನಾಲ್ಕು ಅಡಿ ಎತ್ತರದ ಮಣ್ಣಿನ ಗೋಡೆ, ಆಚೆ ಬದಿಗೆ ಅವಳ ಹಿಂದಿನ ಕೋಣೆ. ಅದರ ತಗಡಿನ ಮಾಡು ನಮ್ಮ ಗೋಡೆಗೇ ಆನಿಸಿದೆ.

"ಅಕ್ಕಾರ, ಗ್ವಾಡಿ ಹೊಟ್ಟಿ ಬಂದೈತಿ. ಮಗನ ಮದುವಿ ಮುಗೀಲಿ, ಇಳಸ್ತೀವಿ ಅಂದಿದ್ರಿ."

"ಅಂದಿದ್ವಿ. ಈಗ ಸೊಸಿ ಬಸುರಿ ಅದಾಳ. ಹಾರಿ ಹಚ್ಚಾಕ ಬರಂಗಿಲ್ಲ."

"ನನ್ನ ಮೇಘಾನೂ ಬಸುರಿ ಅದಾಳ್ರಿ. ಏಪ್ರಿಲ್‌ದಾಗ ಬಾಣಂತನಕ್ಕ ಬರ್ತಾಳ. ಆ ಕ್ವಾಣಿ ಬಿಟ್ರ ಮತ್ತೆಲ್ಲಿ ಮಲಗಸ್ಲಿ?"

"ನಲವತ್ತು ವರ್ಷದಿಂದ ನಿಂತ ಗ್ವಾಡಿ ಅದು."

"ನಲವತ್ತು ವರ್ಷ ಅದರ ಬುಡಕ್ಕ ನೀರು ಹೊಡೀತಿರಲಿಲ್ರಿ."

ನೀರಿನ ಮಾತು ನನಗೆ ಅರ್ಥವಾಗದೆ ಕೊಟ್ರುನನ್ನು ಕೇಳಿದೆ. ಬಿಸಿಲಿಗೆ ಕಾಯಿ ಒಣಗಿ ಪುಡಿಯಾದರೆ ಯಾರೂ ಕೊಳ್ಳುವುದಿಲ್ಲ. ಮೆತ್ತಗಿರಲಿ ಅಂತ ಗೋದಾಮಿನ ನೆಲಕ್ಕೆ, ಚೀಲಗಳಿಗೆ ದಿನವೂ ನೀರು ಚಿಮುಕಿಸುತ್ತಾರಂತೆ. "ಊರಾಗ ಎಲ್ಲಾರೂ ಮಾಡೋದ" ಎಂದ. ದುರಗವ್ವನ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಮನೆಗೆ ಶುಭ ಸುದ್ದಿ ಬಂದಿರುವಾಗ ಹೀಗಾ ಬಂದು ನಿಲ್ಲುವುದು?

ಫೆಬ್ರವರಿ 16, ಭಾನುವಾರ

ನಮ್ಮ ಪಡಸಾಲೆಯಲ್ಲಿ ಪಂಚಾಯ್ತಿ ನಡೆಯಿತು. ಓಣಿಗೆ ಹಿರಿಯರೆಂದರೆ ಹಾಲೇಶಪ್ಪ ಮಾಸ್ತರು, ನಿವೃತ್ತ ಶಿಕ್ಷಕರು. ಅವರ ಮಾತನ್ನು ಮಾವ ವಿರೂಪಾಕ್ಷಪ್ಪನವರೂ ಮೀರುವುದಿಲ್ಲ.

ದುರಗವ್ವ ಒಂದು ಉಪಾಯ ಹೇಳಿದಳು. "ಸೊಸಿನ್ನ ಹದಿನೈದು ದಿನ ತವರಿಗೆ ಕಳಿಸ್ರಿ ಸಾವ್ಕಾರ್ರ. ಅಕಿ ಮನ್ಯಾಗಿಲ್ಲದಾಗ ಗ್ವಾಡಿ ಇಳಸಿಬಿಡ್ರಿ. ಆಗ ದೋಷ ಎಲ್ಲಿಂದ ಬರತೈತಿ?"

ಮಾಸ್ತರು ತಲೆಯಾಡಿಸಿದರು. ಅತ್ತೆ ಕೂಡ ಇಲ್ಲ ಎನ್ನಲಿಲ್ಲ, "ಅಕಿನ್ನ ಕೇಳ್ರಿ" ಎಂದರು. ಎಲ್ಲರೂ ನನ್ನತ್ತ ನೋಡಿದರು. ನಾನು ಕೊಟ್ರುನತ್ತ ನೋಡಿದೆ. ಹದಿನೈದು ದಿನ, ಅವನನ್ನು ಬಿಟ್ಟು, ಅದೂ ಈಗ. "ನನಗ ಬಸ್ಸು, ಕಾರು ಯಾವುದೂ ಆಗವಲ್ದು, ವಾಂತಿ ಆಗತೈತಿ" ಅಂದೆ. ಅಷ್ಟೇನೂ ಸುಳ್ಳಲ್ಲ. ಕೊಟ್ರು ತಲೆ ತಗ್ಗಿಸಿ ಮೀಸೆಯೊಳಗೇ ನಕ್ಕ. ಆ ನಗು ನೋಡಲು ನಾನು ಇನ್ನೂ ಹತ್ತು ಸುಳ್ಳು ಹೇಳಬಲ್ಲೆ.

ಕೊನೆಗೆ ಮಾಸ್ತರು ತೀರ್ಮಾನ ಹೇಳಿದರು. "ಅಯಾಜ್‌ನ ಕರಸೋಣ. ಬಿರುಕಿನ ಮ್ಯಾಲ ಅಡ್ಡ ಒಂದು ಗಾಜಿನ ಪಟ್ಟಿ ಕೂರಿಸಲಿ. ಗ್ವಾಡಿ ಅಲುಗಿದ್ರ ಗಾಜು ಒಡೀತೈತಿ. ತಿಂಗಳೊಳಗ ಒಡದ್ರ ಬಸುರಿ ಇರಲಿ ಬಾಣಂತಿ ಇರಲಿ, ಗ್ವಾಡಿ ಇಳಸಬೇಕು. ಒಡೀಲಿಲ್ಲ ಅಂದ್ರ ಹೆರಿಗಿ ಆಗೋತನ ದುರಗವ್ವ ಈ ಮಾತು ತೆಗೀಬಾರದು." ಇಬ್ಬರೂ ಒಪ್ಪಿದರು.

ಫೆಬ್ರವರಿ 18, ಮಂಗಳವಾರ

ಗೌಂಡಿ ಅಯಾಜ್ ಬಂದು ಗಾಜು ಕೂರಿಸಿದ. ಗೇಣುದ್ದದ ಪಟ್ಟಿ, ಎರಡು ತುದಿಗೆ ಸಿಮೆಂಟಿನ ಉಂಡೆ. ಬಿರುಕು ನಮ್ಮ ಬದಿಗೆ, ಚೀಲಗಳ ಸಾಲಿನ ಹಿಂದೆ ಇರುವುದರಿಂದ ದುರಗವ್ವನಿಗೆ ಅದು ಕಾಣುವುದಿಲ್ಲ. ದಿನವೂ ನೋಡುವವರು ಯಾರು ಎಂಬ ಮಾತು ಬಂತು. ಮಾಸ್ತರು, "ಓದಿದ ಹುಡುಗಿ ಅದಾಳ, ಅಕಿನ ನೋಡ್ಲಿ" ಎಂದರು. ದುರಗವ್ವ ಕೂಡಲೇ ಒಪ್ಪಿದಳು. ಅತ್ತೆಯನ್ನು ಒಪ್ಪುತ್ತಿರಲಿಲ್ಲ ಅನ್ನಿಸುತ್ತದೆ.

"ತಾರೀಖು ನೀವ ಬರೀರಿ ವೈನಿ. ನಮ್ಮ ಅಕ್ಷರ ಕಾಗಿ ಕಾಲು" ಎಂದು ಅಯಾಜ್ ಮೊಳೆ ಕೊಟ್ಟ. ಹಸಿ ಸಿಮೆಂಟಿನ ಮೇಲೆ 18-2 ಎಂದು ಬರೆದೆ. ಎಂಟಕ್ಕೆ ಸೊಂಟ ಬರುವ ಹಾಗೆ, ನನ್ನದೇ ಸ್ಟೈಲಿನಲ್ಲಿ.

ಮಾರ್ಚ್ 2, ಭಾನುವಾರ

ಮೊನ್ನೆ ರಾಣೆಬೆನ್ನೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಕಡಲೆಕಾಳಿನ ಎದೆ ಬಡಿತ ಕೇಳಿಸಿತು, ಕುದುರೆ ಓಡಿದ ಹಾಗೆ. ಕೊಟ್ರು ಡಾಕ್ಟರನ್ನು "ಮತ್ತೊಮ್ಮೆ ಕೇಳಸ್ರಿ" ಎಂದ. ಡಾಕ್ಟರು ಬೈಯದೆ ಕೇಳಿಸಿದರು. ಅಲ್ಲಿಗೆ ಹೋಗುವಾಗ ಬರುವಾಗ ನನಗೆ ವಾಂತಿಯಾಗಲಿಲ್ಲ.

ದಿನವೂ ಸಂಜೆ ದುರಗವ್ವ ಕೆಲಸದಿಂದ ಬರುವಾಗ ಕಿಟಕಿಯ ಕೆಳಗೆ ನಿಂತು ಕೇಳುತ್ತಾಳೆ. "ಗಾಜು ಹೆಂಗೈತಿ ಯವ್ವಾ?" ನಾನು, "ಹಂಗ ಐತ್ರಿ." ನಿನ್ನೆ ಕಿಟಕಿಯಿಂದಲೇ ಒಂದು ಬಟ್ಟಲು ಹುಣಸೆ ತೊಕ್ಕು ಕೊಟ್ಟಳು. "ಮೇಘಾಗ ಅಂತ ಮಾಡಿದ್ದು. ನಿನಗೂ ಬಾಯಿ ಕೇಳತೈತಲ್ಲ, ತಿನ್ನು. ನಿಮ್ಮತ್ತಿಗೆ ತೋರಸಬ್ಯಾಡ, ಗ್ವಾಡಿ ಸಲುವಾಗಿ ಲಂಚ ಕೊಟ್ಟೇನಿ ಅಂತಾರ." ಇಬ್ಬರೂ ನಕ್ಕೆವು. ಬಟ್ಟಲನ್ನು ಬೆರಳಿನಿಂದಲೇ ಖಾಲಿ ಮಾಡಿದೆ.

ಅವಳ ಮಗಳು ಅರಸೀಕೆರೆಯಲ್ಲಿ ಇರುತ್ತಾಳೆ. ಫೋನಿನಲ್ಲಿ ಮಾತಾಡಿಸಿದಳು. ಮೇಘಾ ನನಗಿಂತ ಒಂದು ವರ್ಷ ಚಿಕ್ಕವಳು. "ಅಲ್ಲಿ ನಮ್ಮವ್ವ ರಾತ್ರಿ ಕಟ್ಟಿಮ್ಯಾಲ ಮಲಗತಾಳಂತ, ಖರೇ ಏನ್ರಿ?" ಎಂದು ಕೇಳಿದಳು. ಖರೆ. ಗೋಡೆಯ ಹೆದರಿಕೆಗೆ ದುರಗವ್ವ ಹಿಂದಿನ ಕೋಣೆ ಖಾಲಿ ಮಾಡಿ, ಮುಂದಿನ ಕಟ್ಟೆಯ ಮೇಲೆ ಮಲಗುತ್ತಾಳೆ. ಮೇಘಾಗೆ ಮಾತ್ರ ಸೆಕೆಗೆ ಅಂತ ಹೇಳಿದೆ.

ಮಾರ್ಚ್ 14, ಶುಕ್ರವಾರ

ಗಾಜು ಒಡೆದಿದೆ.

ಕೂದಲೆಳೆಯಂಥ ಗೆರೆ, ನಡುವಿಗೆ ಸರಿಯಾಗಿ. ಉಗುರಿಗೆ ಸಿಗುತ್ತದೆ. ನಾಲ್ಕು ದಿನ ಉಳಿದಿತ್ತು ಅಷ್ಟೆ.

ಕೊಟ್ರುಗೆ ಮಾತ್ರ ಹೇಳಿದೆ. "ಈಗ ಸೀಜನ್ ಸುಶ್ಮಿ. ಕೋಲ್ಡ್ ಸ್ಟೋರೇಜ್ ಎಲ್ಲಾ ತುಂಬ್ಯಾವ. ಗ್ವಾಡಿ ಇಳಿಸಿದ್ರ ಇಷ್ಟು ಮಾಲು ಎಲ್ಲಿ ಇಡೋದು?" ಎಂದ. ಆಮೇಲೆ ಇನ್ನೊಂದು ಹೇಳಿದ. "ಗ್ವಾಡಿ ಇಳಸೋದಾದ್ರ ಅವ್ವ ನಿನ್ನ ಈ ಮನ್ಯಾಗ ಇಟಗೊಳ್ಳಂಗಿಲ್ಲ. ಇಳಿಸಿ ಹೊಸಾದು ಕಟ್ಟಬೇಕಲ್ಲ, ಹೆರಿಗಿ ಆಗೋತನ ಹಾವೇರಿಗೆ ಕಳಿಸೋಣ ಅಂತ ಆಗಲೇ ಅಪ್ಪನ ಮುಂದ ಅಂದಾಳ."

ಅಂದರೆ ಆರೇಳು ತಿಂಗಳು. ನನಗೆ ಅಳು ಬಂತು. ಕಾಯಿಯ ಘಾಟಿಗಲ್ಲ.

ಸಂಜೆ ದುರಗವ್ವ ಕೇಳಿದಾಗ "ಹಂಗ ಐತ್ರಿ" ಎಂದೆ. ಬಾಯಿಗೆ ರೂಢಿಯಾಗಿಬಿಟ್ಟಿದೆ.

ಮಾರ್ಚ್ 15, ಶನಿವಾರ

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು, ಕೊಟ್ರು ಗೋದಾಮಿಗೆ ಹೋದೆವು. ಹಳೆಯ ಫೋಟೋ ಚೌಕಟ್ಟಿನ ಗಾಜು ಕತ್ತರಿಸಿ ತಂದಿದ್ದ. ನಾನು ಸ್ಟೀಲಿನ ಬಟ್ಟಲಲ್ಲಿ ಸಿಮೆಂಟು ಕಲಸಿ ಹಿಡಿದುಕೊಂಡೆ. ಹಳೆಯ ಉಂಡೆಗಳನ್ನು ಉಳಿಯಿಂದ ಕಿತ್ತು ಹೊಸ ಪಟ್ಟಿ ಕೂರಿಸಿದ. ಹೊಳಪು ಕಾಣದಿರಲಿ ಅಂತ ಮೇಲೆ ಒಂದು ಹಿಡಿ ಮೆಣಸಿನ ಧೂಳು ಊದಿದ. ಇಬ್ಬರಿಗೂ ಸೀನು ಬಂತು. ನಗು ತಡೆಯಲಾಗದೆ ಅವನ ಭುಜಕ್ಕೆ ಬಾಯಿ ಒತ್ತಿಕೊಂಡೆ. ಹೈಸ್ಕೂಲಿನಲ್ಲಿ ಕಾಪಿ ಹೊಡೆದ ಹಾಗಿತ್ತು. ಮದುವೆಯಾದ ಮೇಲೆ ನಾವಿಬ್ಬರೇ ಸೇರಿ ಮಾಡಿದ ಮೊದಲ ಕೆಲಸ ಇದು ಅಂತ ಅವನು ಅಂದ.

ತಾರೀಖು ನಾನೇ ಬರೆದೆ. 18-2. ಎಂಟಕ್ಕೆ ಸೊಂಟ.

ಮಾರ್ಚ್ 18, ಮಂಗಳವಾರ

ಮಾಸ್ತರು ಬಂದರು, ಟಾರ್ಚ್ ಹಾಕಿ ನೋಡಿದರು, ಬೆರಳಾಡಿಸಿದರು. "ಗಟ್ಟಿ ಐತಿ" ಎಂದರು. ದುರಗವ್ವ ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು. ಮಾಸ್ತರನ್ನು ಬಿಟ್ಟು ನನ್ನನ್ನೇ ಕೇಳಿದಳು.

"ದಿನಾ ನೋಡೀದೇನವ್ವ?"

"ನೋಡೇನ್ರಿ."

"ಒಡದಿಲ್ಲಲ್ಲ?"

"ಒಡದಿಲ್ಲ."

"ಹಂಗಾರ ನಂದ ಸುಳ್ಳು ಸಂಶೆ ಆತು. ಸಾವ್ಕಾರ್ರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಮಾವನಿಗೆ ಕೈ ಮುಗಿದು ಹೋದಳು. ಮಾವ ಉದಾರವಾಗಿ ನಕ್ಕರು. ಅತ್ತೆ ರಾತ್ರಿಗೆ ಹೋಳಿಗೆ ಮಾಡಿದರು. ನನಗೆ ಎರಡಕ್ಕಿಂತ ಹೆಚ್ಚು ತಿನ್ನಲಾಗಲಿಲ್ಲ. ಈ ತಿಂಗಳುಗಳಲ್ಲಿ ಹೀಗೇ ಅಂತೆ.

ಮಾರ್ಚ್ 31, ಸೋಮವಾರ

ದುರಗವ್ವ ಹಿಂದಿನ ಕೋಣೆಗೆ ಸುಣ್ಣ ಹೊಡೆದಿದ್ದಾಳೆ. ನೋಡಲು ಬಾ ಎಂದು ಮೂರು ಸಲ ಕರೆದಳು, ಹೋದೆ. ಮಗಳಿಗೆ ಮಂಚ ಹಾಕಿದ್ದಾಳೆ, ಮೇಲೆ ಕೌದಿ, ತೊಟ್ಟಿಲು ಕಟ್ಟಲು ಜಂತಿಗೆ ಹಗ್ಗ. ತಾನೂ ಈಗ ಅಲ್ಲೇ ನೆಲದ ಮೇಲೆ ಮಲಗುತ್ತಾಳಂತೆ.

ಆಚೆಯಿಂದ ಆ ಗೋಡೆಯನ್ನು ನಾನು ಎಂದೂ ನೋಡಿರಲಿಲ್ಲ. ಬಿಳಿ ಸುಣ್ಣಕ್ಕೆ ಉಬ್ಬು ಇನ್ನೂ ಎದ್ದು ಕಾಣುತ್ತದೆ. ಅದರ ಕೆಳಗೇ ಮಂಚ.

"ಮಂಚ ಈ ಕಡೆ ಸರಸ್ರಿ ಅಕ್ಕಾರ, ಬಾಗಿಲ ಗಾಳಿ ಬರತೈತಿ" ಎಂದೆ.

"ಬಾಣಂತಿಗೆ ಗಾಳಿ ಬಡೀಬಾರದವ್ವ. ನಿನಗ ಇನ್ನೂ ತಿಳಿಯಂಗಿಲ್ಲ."

ಮನೆಗೆ ಬಂದು ಮಲಗಿದೆ. ಗೋದಾಮಿಗೆ ಹೋಗಿ ನೋಡಬೇಕು ಅನ್ನಿಸಿತು, ಹೋಗಲಿಲ್ಲ.

ಏಪ್ರಿಲ್ 10, ಗುರುವಾರ

ಹೋದೆ. ಎರಡನೆಯದೂ ಒಡೆದಿದೆ. ಒಂದು ತುಂಡು ಕೆಳಗೇ ಬಿದ್ದಿದೆ. ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತದೆ.

ಕೊಟ್ರೇಶನಿಗೆ ಹೇಳಿದೆ. ಪೇಟೆಯಿಂದ ದಣಿದು ಬಂದಿದ್ದ. "ಗಡುವು ಮುಗದೈತಿ, ಇನ್ನ ಯಾಕ ನೋಡತಿ?" ಎಂದ. ನಾನು ಹಾವೇರಿಗೆ ಹೋಗುತ್ತೇನೆ, ಎಷ್ಟು ತಿಂಗಳಾದರೂ ಸರಿ, ಗೋಡೆ ಇಳಿಸಿ ಎಂದೆ. "ಆಗ ಹೋಗಂದ್ರ ಹೋಗಲಿಲ್ಲ. ಈಗ ಏನಂತ ಹೇಳ್ಲಿ ಅಪ್ಪಗ? ಮೊದಲನೇದ್ದು ಒಡದಿತ್ತು ಅಂತನ?"

ಊಟ ಬಡಿಸಿದೆ.

ಏಪ್ರಿಲ್ 13, ಭಾನುವಾರ

ಬಿತ್ತು.

ಏಪ್ರಿಲ್ 14, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ನಾಲ್ಕು ಗಂಟೆಗೆ ಗಾಳಿ ಎದ್ದಿತು, ಆಮೇಲೆ ಆಲಿಕಲ್ಲು ಮಳೆ, ಅರ್ಧ ಗಂಟೆ. ನಾನು ಅಂಗಳದಿಂದ ಬಟ್ಟೆ ಎತ್ತುತ್ತಿದ್ದೆ. ಸಿಡಿಲಿನಂಥ ಸದ್ದೇನೂ ಬರಲಿಲ್ಲ. ಲಾರಿಯಿಂದ ಮಣ್ಣು ಸುರಿದ ಹಾಗೆ ಕೇಳಿಸಿತು, ಅದರ ಹಿಂದೆ ತಗಡಿನ ಸದ್ದು. ಗೋದಾಮಿನ ಒಳಗೆ ಆಕಾಶ ಕಂಡಿತು. ಚೀಲಗಳು ಆಚೆಗೆ ಉರುಳಿ ಒಡೆದಿದ್ದವು. ಮಳೆ ನೀರು ಕೆಂಪಾಗಿ ಹರಿಯುತ್ತಿತ್ತು. ಎಲ್ಲರೂ ಅದನ್ನು ರಕ್ತ ಎಂದೇ ತಿಳಿದರು. ಕಾಯಿಯ ನೀರು.

ಓಣಿಯ ಜನ ಕೈಯಿಂದಲೇ ಮಣ್ಣು ಎಳೆದರು. ಮೊದಲು ಮಣ್ಣಿಗೆ ಇಳಿದವನು ಅಯಾಜ್. ಕೆಮ್ಮು, ಕಣ್ಣುರಿ, ಯಾರಿಗೂ ಕಣ್ಣು ಬಿಡಲಾಗುತ್ತಿರಲಿಲ್ಲ. ದುರಗವ್ವ ಮಂಚದ ಕೆಳಗೆ ಅರ್ಧ ತೂರಿಕೊಂಡಿದ್ದಳು. ಅದಕ್ಕೇ ಉಳಿದಳು ಎನ್ನುತ್ತಾರೆ. ಹೊರಗೆ ತಂದಾಗ ಅವಳು ಒಂದೇ ಮಾತು ಹೇಳಿದಳು. "ಕಾಲು ಮ್ಯಾಲ ಇನ್ನೂ ಮಣ್ಣೈತಿ, ತಗೀರೆಪಾ." ಕಾಲ ಮೇಲೆ ಏನೂ ಇರಲಿಲ್ಲ.

ಏಪ್ರಿಲ್ 15, ಮಂಗಳವಾರ

ಉಳಿದ ಗೋಡೆಯನ್ನು ಜೆಸಿಬಿ ತರಿಸಿ ಎರಡು ಗಂಟೆಯಲ್ಲಿ ಕೆಡವಿದರು. ನಾನು ಒಳಗಿನ ಕೋಣೆಯಲ್ಲೇ ಇದ್ದೆ. ದೋಷ ಅಲ್ಲವೇ ಎಂದು ಅತ್ತೆಯನ್ನು ಕೇಳಿದೆ. "ತಾನಽ ಬಿದ್ದದ್ದನ್ನ ತಗದ್ರ ದೋಷ ಇಲ್ಲ" ಎಂದರು. ನಾಳೆ ನನ್ನ ಹೊಟ್ಟೆಗೆ ಶಾಂತಿ ಮಾಡಿಸುತ್ತಾರಂತೆ.

ಗಾಜು, ಉಂಡೆ, ತಾರೀಖು ಎಲ್ಲ ಮಣ್ಣಿನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಯಿತು. ಊಟಕ್ಕೆ ಕೂತಾಗ ಕೊಟ್ರೇಶ ಮೆಲ್ಲಗೆ, "ಎಲ್ಲಾ ಹೋತು ಬಿಡು" ಎಂದರು. ಸಮಾಧಾನ ಮಾಡುತ್ತಿದ್ದರು.

ಏಪ್ರಿಲ್ 19, ಶನಿವಾರ

ಹಾವೇರಿಯ ಆಸ್ಪತ್ರೆಗೆ ಹೋಗಿದ್ದೆ. ಅಪ್ಪನ ಮನೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟಿದ್ದು.

ದುರಗವ್ವ ಅಂಗಾತ ಮಲಗಿದ್ದಳು. ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನವಿಲ್ಲ, ಇನ್ನು ಏಳುವುದಿಲ್ಲ ಎಂದು ನರ್ಸು ಹೊರಗೇ ಹೇಳಿದ್ದರು. ತನ್ನ ಕಾಲು ಮುರಿದಿದೆ ಎಂದಷ್ಟೇ ಮೇಘಾಗೆ ಹೇಳಿಸಿದ್ದಾಳೆ. ತುಂಬಿದ ಬಸುರಿ, ಗಾಬರಿಯಾಗಬಾರದು ಅಂತ.

ನಾನು ಬಿಸ್ಕೀಟು ಇಟ್ಟು ನಿಂತೆ. ಅವಳೇ ಮಾತಾಡಿದಳು.

"ನಿಂತಿ ಯಾಕ, ಕುಂದರು. ಬಸುರಿ ಹೆಂಗಸು ಈ ವಾಸನ್ಯಾಗ ಯಾಕ ಬಂದಿ?"

ಕೂತೆ.

"ಸಾವ್ಕಾರ್ರ ಮ್ಯಾಲ ಕೇಸು ಹಾಕಬೇಕು ಅಂತಾನ ಅಳಿಯ. ನಾ ಬ್ಯಾಡ ಅಂದೆ. ಅವರದೇನು ತಪ್ಪು? ತಿಂಗಳಿಡೀ ಗಾಜು ತಡೀತು. ಮಾಸ್ತರು ನೋಡಿದ್ರು, ನೀನೂ ನೋಡಿದಿ. ಮಳಿ ಹಂಗ ಬಂತು." ನಾನಿಟ್ಟ ಬಿಸ್ಕೀಟನ್ನು ನನ್ನ ಕಡೆಗೇ ಸರಿಸಿದಳು. "ನನಗ ಒಳಗ ಅಂಜಿಕಿ ಇತ್ತವ್ವ. ಕಟ್ಟಿಮ್ಯಾಲ ಇದ್ದಿದ್ರ ಆಗತಿತ್ತು. ಆದ್ರ ನೀ ಒಡದಿಲ್ಲ ಅಂದಿ, ನಂಬಿಗಿ ಬಂತು. ಅದಕ್ಕ ಒಳಗ ಹೋದೆ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಅದನ್ನು ನಾನು ಇಲ್ಲಿ ಬರೆದಿಡಬೇಕು.

"ಬಾಣಂತನ ಯಾರು ಮಾಡ್ತಾರ ಅನ್ನೋದೊಂದ ಚಿಂತಿ" ಎಂದಳು. ಚಾದರದ ಕೆಳಗೆ ಅವಳ ಕಾಲು ವಕ್ರವಾಗಿ ತಿರುಗಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ಎದ್ದು ಸರಿಪಡಿಸಿದೆ. ತಣ್ಣಗಿತ್ತು.

ಏಪ್ರಿಲ್ 22, ಮಂಗಳವಾರ

ಮಾಸ್ತರು ಕಾಗದ ಬರೆದು ತಂದಿದ್ದಾರೆ. ಅಕಾಲಿಕ ಮಳೆಗೆ ಗೋಡೆ ಬಿದ್ದಿದೆ, ಗೋಡೆ ಸುಸ್ಥಿತಿಯಲ್ಲಿತ್ತೆಂದು ಒಂದು ತಿಂಗಳು ಗಾಜು ಇಟ್ಟು ಪರೀಕ್ಷಿಸಲಾಗಿದೆ, ನಮ್ಮ ತಕರಾರಿಲ್ಲ. ದುರಗವ್ವನ ಹೆಬ್ಬೆಟ್ಟು ಆಗಲೇ ಬಿದ್ದಿದೆ. ಮಗಳ ಸಹಿ ಬೇಕು. ಸಾಕ್ಷಿ ಎಂಬಲ್ಲಿ ಮೊದಲ ಹೆಸರು ನನ್ನದು. ಓದಿ ನೋಡಲು ನನಗೇ ಕೊಟ್ಟರು. "ಒತ್ತಕ್ಷರ ತಪ್ಪಿದ್ರ ಹೇಳವ್ವ" ಎಂದರು. ಮಾಸ್ತರಿಗೆ ನಿಜವಾಗಿ ಏನೂ ಗೊತ್ತಿಲ್ಲ.

ಸಹಿ ಆಮೇಲೆ ಹಾಕುತ್ತೇನೆ, ತಲೆ ಸುತ್ತುತ್ತಿದೆ ಎಂದೆ. ಅವರು ನನ್ನ ಮುಖ ನೋಡಿದರು. ಮಾಸ್ತರಲ್ಲ, ಕೊಟ್ರೇಶ ಅವರು.

ಮೇಘಾ ಹಾವೇರಿಗೆ ನೇರ ಹೋಗದೆ ಬ್ಯಾಡಗಿಯಲ್ಲಿ ಇಳಿಯಬೇಕೆಂದು ಮಾವ ಹೇಳಿಸಿದ್ದಾರೆ. ಸ್ಟೇಷನ್‌ಗೆ ಕಾರು ಹೋಗುತ್ತದೆ, ಮೊದಲು ನಮ್ಮ ಮನೆ, ಸಹಿ, ಆಮೇಲೆ ಅದೇ ಕಾರಿನಲ್ಲಿ ಆಸ್ಪತ್ರೆಗೆ. ರಸ್ತೆಯ ಕುಲುಕಾಟ ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಅವಳು ರೈಲಿಗೆ ಬರುತ್ತಿದ್ದಾಳೆ, ಜೊತೆಗೆ ಅವಳ ಅತ್ತೆ.

ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ. ಕಾಲು ಮುರಿದದ್ದು ಕೂಡಿಕೊಂಡಿದೆಯಾ ಎಂದು ಕೇಳಿದಳು. "ಬಾ, ಹೇಳತೇನಿ" ಎಂದೆ. ಯಾವ ಬೋಗಿ ಎಂದು ಕೇಳಿಕೊಂಡೆ. ಹಿಂದಿನಿಂದ ಎರಡನೆಯದರಲ್ಲಿ ಇರುತ್ತಾಳಂತೆ.

ಅವಳು ಬರುವ ದಿನ ಮಾರುಕಟ್ಟೆಯ ವಾರ, ಇಬ್ಬರು ಗಂಡಸರೂ ಬೆಳಗ್ಗೆಯೇ ಪೇಟೆಗೆ ಹೋಗುತ್ತಾರೆ. ನಾನು ಎಂಟರ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಿ ಅಲ್ಲಿಂದ ಅವಳ ಬೋಗಿ ಹತ್ತುತ್ತೇನೆ. ಅತ್ತೆಗೆ ಡಾಕ್ಟರ ಹತ್ತಿರ ಎಂದು ಹೇಳಿದ್ದೇನೆ. ಬ್ಯಾಡಗಿ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೊದಲು ಅವಳನ್ನು ಕೂರಿಸಿ ನೀರು ಕುಡಿಸಬೇಕು. ಆಮೇಲೆ ಮಾರ್ಚ್ ಹದಿನಾಲ್ಕರಿಂದ, ಮೊದಲ ಗಾಜು ಒಡೆದ ದಿನದಿಂದ, ಶುರು ಮಾಡಬೇಕು. ಆಮೇಲೆ ನನಗೆ ಈ ಮನೆಯಲ್ಲಿ ಏನಾಗುತ್ತದೋ ಆಗಲಿ, ಅದನ್ನು ಇವತ್ತು ಬರೆಯಲು ನನಗೆ ಬರುವುದಿಲ್ಲ.

ಮೇಘಾ ಗುರುವಾರ ಬರುತ್ತಾಳೆ, ಅರಸೀಕೆರೆ ಪ್ಯಾಸೆಂಜರಿಗೆ.